ವಸ್ತಿ ಮನೆಗೊಂದು ಮಳೆನೀರಿನ ಟಾಕಿ: ಗಿಲಾವಿನ ದಿನ ಅವಸರ ಬೇಡ

ಹೊಲದ ವಸ್ತಿಯಲ್ಲಿ ಮನೆ ಮಾಡಿದವರಿಗೆ ಕರೆಂಟು ಇಲ್ಲದಿದ್ದರೂ ನಡೆಯುತ್ತದೆ. ಸೋಲಾರ್ ದೀಪ ಇದೆ, ಕಟ್ಟಿಗೆ ಒಲೆ ಇದೆ. ಒಳ್ಳೆಯ ನೀರಿಲ್ಲದಿದ್ದರೆ ಮಾತ್ರ ನಡೆಯುವುದಿಲ್ಲ. ವಿಜಯಪುರ ಜಿಲ್ಲೆಯಲ್ಲಿ ಎಷ್ಟೋ ಬೋರುಗಳ ನೀರು ಸವಳು. ಆ ನೀರಲ್ಲಿ ತೊಗರಿ ಬೇಳೆ ಇಟ್ಟರೆ ತಾಸುಗಟ್ಟಲೆ ಕುದಿದರೂ ಒಡೆಯುವುದಿಲ್ಲ. ಅದೇ ಬೇಳೆಯನ್ನು ಮಳೆನೀರಲ್ಲಿ ಇಟ್ಟು ನೋಡಿ, ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ.

ನಮ್ಮ ಕಡೆ ಮಳೆ ಕಡಿಮೆ, ಟಾಕಿ ಕಟ್ಟಿಸಿ ಏನು ಉಪಯೋಗ ಅನ್ನುವವರು ಜಾಸ್ತಿ. ಸ್ವಲ್ಪ ಲೆಕ್ಕ ಹಾಕೋಣ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. 500 ಚದರಡಿಯ ತಗಡಿನ ಮಾಡು. ಸೋರಿದ್ದು, ಚೆಲ್ಲಿದ್ದು ಕಳೆದರೂ 20 ಸಾವಿರ ಲೀಟರ್ ಸಿಗುತ್ತದೆ. 8 ಅಡಿ ಅಗಲ, ಆರೂವರೆ ಅಡಿ ಎತ್ತರದ ದುಂಡನೆಯ ಟಾಕಿಗೆ ಸುಮಾರು 9,000 ಲೀಟರ್ ಹಿಡಿಯುತ್ತದೆ. ಕುಡಿಯಲು, ಅಡುಗೆಗೆ ದಿನಕ್ಕೆ 30 ಲೀಟರ್ ತೆಗೆದರೆ 10 ತಿಂಗಳ ನೀರು ಅದು.

ಇಂಥ ಟಾಕಿಯನ್ನು ಫೆರೋಸಿಮೆಂಟಿನಲ್ಲಿ ಕಟ್ಟುವುದೇ ಸರಿ. ಇಟ್ಟಂಗಿ ಬೇಡ, ದಪ್ಪ ಕಾಂಕ್ರೀಟ್ ಗೋಡೆ ಬೇಡ. ಕಬ್ಬಿಣದ ಸರಳಿನ ಪಂಜರ, ಅದರ ಮೇಲೆ ಕೋಳಿ ಜಾಲರಿ, ಅದಕ್ಕೆ ಒಂದೂವರೆ ಇಂಚು ಗಿಲಾವು (ಸಿಮೆಂಟು ಪ್ಲಾಸ್ಟರ್), ಅಷ್ಟೇ. ಎಲ್ಲ ಸೇರಿ 15–16 ಚೀಲ ಸಿಮೆಂಟು ಸಾಕು. ಮಿಕ್ಸರ್ ಯಂತ್ರವೂ ಬೇಕಿಲ್ಲ, ಸಲಿಕೆಯಲ್ಲೇ ಕಲಸಬಹುದು. ಆದರೆ ಗೋಡೆ ತೆಳು. ತಪ್ಪಾದರೆ ಮುಚ್ಚಿಕೊಳ್ಳಲು ಅದಕ್ಕೆ ದಪ್ಪವಿಲ್ಲ. ಸೋರುವ ಟಾಕಿಗಳನ್ನು ನಾನು ಬಹಳ ನೋಡಿದ್ದೇನೆ. ಹೆಚ್ಚುಕಡಿಮೆ ಎಲ್ಲವೂ ಕೆಟ್ಟದ್ದು ಗಿಲಾವಿನ ದಿನ, ಇಲ್ಲವೇ ಅದರ ಮುಂದಿನ ವಾರ.

ಯಾವಾಗ ಕಟ್ಟಬೇಕು

ಎಳ್ಳಮಾಸಿಗೆ ಹೊಲದಲ್ಲಿ ಚರಗ ಚೆಲ್ಲಿ ಬಂದ ಮೇಲೆ ಶುರು ಮಾಡಿ. ಸಂಕ್ರಾಂತಿ ಆಸುಪಾಸಿನ ಬಿಸಿಲು ಸಿಮೆಂಟಿಗೆ ಒಳ್ಳೆಯದು, ಕ್ಯೂರಿಂಗ್‌ಗೆ ಅಂದರೆ ಸಿಮೆಂಟಿಗೆ ನೀರು ಕುಡಿಸಲು ಬಾವಿಯಲ್ಲಿ ನೀರೂ ಇರುತ್ತದೆ. ಮೇ ತಿಂಗಳಲ್ಲಿ ಕಟ್ಟಬೇಡಿ. ಮಳೆ ಬಂತು ಅಂತ ಗಡಿಬಿಡಿಯಲ್ಲಿ ಮೇನಲ್ಲೇ ಕಟ್ಟುವವರು ಜಾಸ್ತಿ, ಸೀಳು ಬಿಡುವುದೂ ಅವರ ಟಾಕಿಗೇ.

ಜಾಗ ಮತ್ತು ಅಡಿಪಾಯ

ಎರೆ ಭೂಮಿ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ಅದರ ಮೇಲೆ ನೇರವಾಗಿ ಟಾಕಿ ಕೂರಿಸಿದರೆ ತಳ ಒಡೆಯುವುದು ಖಂಡಿತ. ಗರಸು (ಗಟ್ಟಿ ಕಲ್ಲುಮಣ್ಣು) ಸಿಗುವವರೆಗೆ ಅಗೆಯಿರಿ. ಗರಸು ಬಹಳ ಆಳದಲ್ಲಿದ್ದರೆ 3 ಅಡಿ ಎರೆ ಮಣ್ಣು ತೆಗೆದು, ಹೊರಗಿನಿಂದ ಗರಸು ತಂದು ತುಂಬಿ. ಅರ್ಧ ಅಡಿಗೊಮ್ಮೆ ನೀರು ಹೊಡೆದು ಧಮ್ಮಸ್ಸು ಮಾಡಲೇಬೇಕು. ಮಡ್ಡಿ ಭೂಮಿಯವರಿಗೆ ಈ ಕಷ್ಟವಿಲ್ಲ.

ಅದರ ಮೇಲೆ ಒಂದೂವರೆ ಅಡಿ ಎತ್ತರದ ಕಲ್ಲಿನ ಕಟ್ಟೆ. ನಳದ ಕೆಳಗೆ ಕೊಡ ಇಡಲು ಅಷ್ಟು ಎತ್ತರ ಬೇಕು. ಕಟ್ಟೆಯ ಮೇಲೆ 4 ಇಂಚು ಕಾಂಕ್ರೀಟ್. ಮನೆಯ ಸೂರು ನೆಲದಿಂದ 10 ಅಡಿ ಇದ್ದರೆ ನೀರು ತಾನಾಗಿಯೇ ಟಾಕಿಗೆ ಇಳಿಯುತ್ತದೆ, ಪಂಪು ಬೇಕಿಲ್ಲ.

ಪಂಜರ

6 ಎಂಎಂ ಸರಳನ್ನು ಅರ್ಧ ಅಡಿಗೊಂದರಂತೆ ನಿಲ್ಲಿಸಿ. ಪ್ರತಿ ಸರಳಿನ ಬುಡವನ್ನು ಒಂದು ಅಡಿ ಮಡಚಿ ತಳದ ಕಾಂಕ್ರೀಟಿನೊಳಗೆ ಹೂಳಿ. ಅಡ್ಡ ಬಳೆಗಳೂ ಅರ್ಧ ಅಡಿಗೊಂದು. ಕೆಳಗಿನ 2 ಅಡಿಯಲ್ಲಿ ಮಾತ್ರ 4 ಇಂಚಿಗೊಂದು ಹಾಕಿ, ನೀರಿನ ಒತ್ತಡ ಅಲ್ಲೇ ಹೆಚ್ಚು. ಒಳಗೊಂದು, ಹೊರಗೊಂದು ಸುತ್ತು ಅರ್ಧ ಇಂಚು ಕಣ್ಣಿನ ಕೋಳಿ ಜಾಲರಿ ಎಳೆದು ಬೈಂಡಿಂಗ್ ತಂತಿಯಿಂದ ಕಟ್ಟಿ. ಕೈಯಿಂದ ಒತ್ತಿದರೆ ಜಾಲರಿ ತೊಟ್ಟಿಲ ಹಾಗೆ ಜೋಲಬಾರದು. ಜೋಲಿದ ಕಡೆ ಗಿಲಾವಿನ ಹಿಂದೆ ಪೊಳ್ಳು ಉಳಿಯುತ್ತದೆ. ಅಗ್ಗದ ಜಾಲರಿ ತರಬೇಡಿ. ಸತುವಿನ ಲೇಪ ಸರಿ ಇಲ್ಲದ್ದು ಅಂಗಡಿಯಲ್ಲೇ ಕಂದು ಬಣ್ಣಕ್ಕೆ ತಿರುಗಿರುತ್ತದೆ, ಸುರುಳಿ ಬಿಚ್ಚಿಸಿ ಒಳಗಿನ ಸುತ್ತನ್ನೂ ನೋಡಿ.

ನಳದ ಪೈಪು, ಹೆಚ್ಚಿನ ನೀರು ಹೊರಹೋಗುವ ಪೈಪು, ತೊಳೆಯುವಾಗ ನೀರು ಬಿಡುವ ಪೈಪು, ಈ ಮೂರನ್ನೂ ಈಗಲೇ ಕಟ್ಟಿಬಿಡಿ. ಆಮೇಲೆ ಗೋಡೆ ಕೊರೆದು ಪೈಪು ಕೂರಿಸಿದರೆ ಆ ಜಾಗ ಎಂದಾದರೂ ಸೋರಿಯೇ ಸೋರುತ್ತದೆ.

ಗಿಲಾವು

ನಮ್ಮ ವಸ್ತಿಯ ಮೊದಲ ಟಾಕಿಗೆ ಬಂದ ಗೌಂಡಿ ಅನುಭವಸ್ಥ. ಮನೆಗಳಿಗೆ ಚೆಂದ ಗಿಲಾವು ಮಾಡುತ್ತಿದ್ದ. ಮೊದಲ ದಿನ ಮೂರಡಿ ಎತ್ತರಕ್ಕೆ ತಂದು, ಅಂಚನ್ನು ನೆಟ್ಟಗೆ ಕತ್ತರಿಸಿ, ಸಂಜೆ ಹೊರಟುಹೋದ. ಮರುದಿನ ಬರಲಿಲ್ಲ. ಮೂರನೇ ದಿನ ಬಂದು ಉಳಿದದ್ದನ್ನು ಮುಗಿಸಿದ. ನಾನೂ ಸುಮ್ನೆ ನೋಡುತ್ತಾ ನಿಂತೆ, ತಡೆಯಲಿಲ್ಲ. ಟಾಕಿ ತುಂಬಿದಾಗ ಸರಿಯಾಗಿ ಮೂರಡಿ ಎತ್ತರದಲ್ಲಿ, ನಡಕ್ಕೆ ಕಟ್ಟಿದ ಉಡದಾರದ ಹಾಗೆ, ಸುತ್ತಲೂ ಒಂದು ಒದ್ದೆ ಗೆರೆ ಮೂಡಿತು. ಒಳಗಿಂದ ಸಿಮೆಂಟು ಹಾಲು ಬಳಿದೆವು, ಹೊರಗಿಂದ ಬಳಿದೆವು, ಅಂಗಡಿಯವರು ಕೊಟ್ಟ ವಾಟರ್‌ಪ್ರೂಫ್ ಪುಡಿ ಬೆರೆಸಿದೆವು. ಗೆರೆ ಹೋಗಲಿಲ್ಲ. ಆ ವರ್ಷದ ನೀರು ದೀಪಾವಳಿಗೇ ಮುಗಿಯಿತು.

ಮೊದಲ ಪದರು ಒಂದೇ ದಿನದಲ್ಲಿ, ಬುಡದಿಂದ ತುದಿಯವರೆಗೆ ಮುಗಿಯಬೇಕು. ಅದಕ್ಕೆ ಐದು ಜನ ಬೇಕು: ಕಲಸಲು ಒಬ್ಬರು, ಹೊರಲು ಒಬ್ಬರು, ಹೊರಗೆ ಒತ್ತಲು ಇಬ್ಬರು, ಒಳಗೆ ಹಲಗೆ ಹಿಡಿಯಲು ಒಬ್ಬರು. ಬೆಳಿಗ್ಗೆ 6ಕ್ಕೆ ಮೊದಲ ಬುಟ್ಟಿ ಏಳಬೇಕು. ನಾಲ್ವರೇ ಬಂದರೆ ಆ ದಿನ ಕೆಲಸ ಹಿಡಿಯಬೇಡಿ, ಊಟ ಹಾಕಿ ಕಳಿಸಿ.

ಉಸುಕು ಮೊದಲು ನೋಡಿ. ಗಾಜಿನ ಬಾಟಲಿಯಲ್ಲಿ ಅರ್ಧ ಉಸುಕು, ಉಳಿದದ್ದು ನೀರು ಹಾಕಿ ಅಲುಗಾಡಿಸಿ, ರಾತ್ರಿಯಿಡೀ ಬಿಡಿ. ಮೇಲೆ ಮಣ್ಣಿನ ಪದರು ತೆಳ್ಳಗೆ ಗೆರೆಯಂತಿದ್ದರೆ ಸರಿ, ಬೆರಳಷ್ಟು ದಪ್ಪ ಇದ್ದರೆ ತೊಳೆಯಬೇಕು. ಡೋಣಿ ಹೊಳೆಯ ಉಸುಕು ಬೇಡ. ಆ ಹೊಳೆಯ ನೀರೇ ಉಪ್ಪು, ಉಪ್ಪು ಸರಳನ್ನು ಒಳಗಿಂದ ತಿನ್ನುತ್ತದೆ. ಎಂ-ಸ್ಯಾಂಡ್ ತರುವುದಾದರೆ ಗಿಲಾವಿನದ್ದೇ ಕೇಳಿ, ಕಾಂಕ್ರೀಟಿನದ್ದು ದಪ್ಪ ಹರಳು, ಜಾಲರಿಯ ಕಣ್ಣಿಗೆ ಹೋಗುವುದಿಲ್ಲ.

ಒಂದು ಬುಟ್ಟಿ ಸಿಮೆಂಟಿಗೆ ಎರಡೂವರೆ ಬುಟ್ಟಿ ಉಸುಕು. ಒಣದಾಗಿಯೇ ಮೂರು ಸಲ ಮಗುಚಿ. ನೀರು 50 ಕಿಲೋ ಚೀಲಕ್ಕೆ 22 ಲೀಟರ್, ಅದಕ್ಕಿಂತ ಜಾಸ್ತಿ ಬೇಡ. ಉಸುಕು ಹಸಿ ಇದ್ದರೆ ಇನ್ನೂ ಕಡಿಮೆ. ಇಲ್ಲಿಯೇ ಗೌಂಡಿಗಳ ಜೊತೆ ಜಗಳ ಆಗುವುದು. ಕರಣೆಯಿಂದ ಎಸೆಯಲು ಅವರಿಗೆ ನೀರಾದ ಮಾಲು ಬೇಕು. ನೀರು ಹೆಚ್ಚಾದರೆ ಮಾಲು ಜಾಲರಿಯಿಂದ ಜಾರುತ್ತದೆ, ಒಣಗುವಾಗ ಕುಗ್ಗುತ್ತದೆ, ಕೂದಲೆಳೆಯಂಥ ಸೀಳು ಬಿಡುತ್ತದೆ. ನಮ್ಮನೆಯಲ್ಲಿ ಹದ ಹೇಳುವವರು ನಮ್ಮವ್ವ. ಒಂದು ಮುಷ್ಟಿ ಹಿಡಿದು ಹಿಸುಕುತ್ತಾರೆ, ಅಂಗೈ ತೆರೆಯುತ್ತಾರೆ. ಬೆರಳ ಗುರುತು ಹಾಗೇ ಉಳಿದಿರಬೇಕು, ಬೆರಳ ಸಂದಿಯಿಂದ ನೀರು ಬರಬಾರದು. ರೊಟ್ಟಿಗೆ ನಾದಿದ ಜೋಳದ ಹಿಟ್ಟಿನ ಹದ ಅದು. ಎರಡನೇ ಟಾಕಿಯ ದಿನ ಅವರು ಮೂರು ಸಲ ಕಲಸಿದ ಮಾಲನ್ನು ಬೇಡ ಅಂದರು, ನಾಲ್ಕನೆಯದಕ್ಕೆ ತಲೆಯಾಡಿಸಿದರು. ಆ ಟಾಕಿ ಇವತ್ತಿಗೂ ಒಂದು ಹನಿ ಸೋರಿಲ್ಲ.

ಮುಕ್ಕಾಲು ತಾಸಿನಲ್ಲಿ ಮುಗಿಯುವಷ್ಟೇ ಕಲಸಿ. ಬಿಗಿಯಾದ ಮಾಲಿಗೆ ಮತ್ತೆ ನೀರು ಹೊಡೆದು ಮೆತ್ತಗೆ ಮಾಡಿದರೆ ಅದರಲ್ಲಿ ಬಲ ಇರುವುದಿಲ್ಲ. ಅಂಥದ್ದನ್ನು ಬಚ್ಚಲ ಮುಂದಿನ ಕಟ್ಟೆಗೆ ಹಾಕಿ.

ಒತ್ತುವ ರೀತಿ ಹೀಗೆ. ಒಳಗಿನವರು ಗೋಣಿತಟ್ಟು ಸುತ್ತಿದ ಹಲಗೆಯನ್ನು ಜಾಲರಿಗೆ ಆನಿಸಿ ಹಿಡಿಯಬೇಕು. ಹೊರಗಿನವರು ಅಂಗೈಯ ಬುಡದಿಂದ ಮಾಲನ್ನು ಜಾಲರಿಯೊಳಗೆ ಒತ್ತಬೇಕು. ಎಸೆಯಬಾರದು, ಸವರಬಾರದು. ಹಲಗೆ ತೆಗೆದಾಗ ಒಳಗಿನ ಪ್ರತಿ ಕಣ್ಣಿನಿಂದಲೂ ಮಾಲು ಇಣುಕುತ್ತಿರಬೇಕು. ಖಾಲಿ ಕಣ್ಣು ಕಂಡರೆ ಅಲ್ಲೇ ನಿಲ್ಲಿಸಿ ತುಂಬಿ. ಸುತ್ತಲೂ ಒಂದೊಂದು ಅಡಿ ಎತ್ತರದಂತೆ ಮೇಲೇರಿ. ಶುರುವಾದ ಕಡೆಗೆ ತಿರುಗಿ ಬರುವಷ್ಟರಲ್ಲಿ ಅಲ್ಲಿನ ಅಂಚು ಇನ್ನೂ ಹಸಿಯಾಗಿರಬೇಕು. ಊಟಕ್ಕೆ ಎಲ್ಲರೂ ಒಟ್ಟಿಗೆ ಏಳಬೇಡಿ. ಮಳೆಗೋ ಮತ್ತೇನಕ್ಕೋ ನಿಲ್ಲಿಸಲೇಬೇಕಾದರೆ ಅಂಚನ್ನು ಓರೆಯಾಗಿ ಬಿಡಿ, ಮತ್ತೆ ಹಿಡಿಯುವಾಗ ಅದಕ್ಕೆ ಗಟ್ಟಿ ಸಿಮೆಂಟು ಹಾಲು ಹಚ್ಚಿ. ಕೈಗೆ ರಬ್ಬರ್ ಗವಸು ಹಾಕಿಕೊಳ್ಳಿ. ಬರಿಗೈಯಲ್ಲಿ ದಿನವಿಡೀ ಒತ್ತಿದರೆ ಸಂಜೆಗೆ ಬೆರಳ ತುದಿ ಸುಲಿದು ರಕ್ತ ಬರುತ್ತದೆ.

ಸಂಜೆ ಮೇಲ್ಮೈಯನ್ನು ಪೊರಕೆ ಕಡ್ಡಿಯಿಂದ ಗೀರಿ, ಒದ್ದೆ ತಟ್ಟು ಹೊದಿಸಿ. ಮರುದಿನವೇ ಒಳಗೆ ಹೊರಗೆ ಎರಡನೇ ಪದರು. ತಳ ಮತ್ತು ಗೋಡೆ ಕೂಡುವ ಮೂಲೆಗೆ 3 ಇಂಚಿನ ಗೋಲಾ ಕೊಡಿ, ಮೂಲೆ ಚೂಪಾಗಿರಬಾರದು. ಒಳಗೆ ಕೊನೆಗೆ ಬರೀ ಸಿಮೆಂಟಿನ ತೆಳು ಲೇಪ.

ನೀರು ಕುಡಿಸುವುದು

ಸಿಮೆಂಟು ಒಣಗಿ ಗಟ್ಟಿಯಾಗುವುದಲ್ಲ, ನೀರು ಕುಡಿದು ಗಟ್ಟಿಯಾಗುವುದು. ತೆಳು ಗೋಡೆಗೆ ಇದು ಇನ್ನೂ ಮುಖ್ಯ, ಮಧ್ಯಾಹ್ನದ ಗಾಳಿಗೆ ಎರಡೇ ತಾಸಿನಲ್ಲಿ ಒಣಗಿಬಿಡುತ್ತದೆ. ಸುತ್ತಲೂ ಗೋಣಿತಟ್ಟು ಹೊದಿಸಿ ಹಗ್ಗ ಬಿಗಿಯಿರಿ. ದಿನಕ್ಕೆ ಐದು ಸಲ ನೀರು ಹೊಡೆಯಿರಿ, ಒಂದು ಸಲ ರಾತ್ರಿ ಮಲಗುವ ಮುಂಚೆ. ಮೂರನೇ ದಿನದಿಂದ ಒಳಗೆ ಅರ್ಧ ಅಡಿ ನೀರು ನಿಲ್ಲಿಸಿ. 14 ದಿನ ಕಡಿಮೆಯಾಗಬಾರದು, ನಾನು 21 ದಿನ ಮಾಡುತ್ತೇನೆ. ಕೂಲಿಯವರಿಗೆ ಹೇಳಿ ಊರಿಗೆ ಹೋಗಬೇಡಿ, ಈ ಕೆಲಸ ಮನೆಯವರೇ ಮಾಡಬೇಕು.

ಆಮೇಲೆ ತುಂಬಿಸುವುದೂ ನಿಧಾನಕ್ಕೆ, ದಿನಕ್ಕೊಂದು ಅಡಿ. ಮೊದಲ ನೀರಿನಲ್ಲಿ ಸಿಮೆಂಟಿನ ಕ್ಷಾರ ಇರುತ್ತದೆ, ಅದನ್ನು ಕುಡಿಯಬೇಡಿ, ಹೊರಗೆ ಬಿಡಿ. ಮುಂದೆ ಯಾವ ಬೇಸಿಗೆಯಲ್ಲೂ ಟಾಕಿಯನ್ನು ಪೂರ್ತಿ ಬರಿದು ಮಾಡಬೇಡಿ. ತಳದಲ್ಲಿ ಗೇಣು ನೀರಾದರೂ ಇರಲಿ.

ಮುಚ್ಚಳ ಮತ್ತು ಮೊದಲ ಮಳೆ

ಮುಚ್ಚಳ ಗುಮ್ಮಟದಂತಿರಲಿ. 44 ಮೀಟರ್ ಅಗಲದ ಗುಮ್ಮಟ ಒಂದು ಕಂಬವೂ ಇಲ್ಲದೆ ನಿಂತ ಊರು ನಮ್ಮದು, ಅದರ ಬಲ ಬಿಡಿಸಿ ಹೇಳಬೇಕಿಲ್ಲ ಅಲ್ವಾ. 8 ಅಡಿ ಅಗಲಕ್ಕೆ ಒಂದೂವರೆ ಅಡಿ ಉಬ್ಬು ಸಾಕು. ಒಬ್ಬರು ಇಳಿಯುವಷ್ಟು ಬಾಯಿ ಬಿಟ್ಟು, ಅದಕ್ಕೆ ಭದ್ರವಾದ ಮುಚ್ಚಳ ಮತ್ತು ಬೀಗ. ಮಕ್ಕಳಿರುವ ಮನೆ, ಬೀಗ ಮರೆಯಬೇಡಿ. ಹೊರಗೆ ತೆರೆದ ಪೈಪುಗಳ ಬಾಯಿಗೆ ಸೊಳ್ಳೆ ಪರದೆ ಕಟ್ಟಿ. ಒಳಗೆ ಬೆಳಕು ಬಿದ್ದರೆ ಪಾಚಿ ಕಟ್ಟುತ್ತದೆ.

ಮೊದಲ ಮಳೆ ಮಾಡಿನ ಧೂಳು, ಹಕ್ಕಿಯ ಹಿಕ್ಕೆ ತೊಳೆದು ತರುತ್ತದೆ. ಟಾಕಿಗಿಂತ ಮುಂಚೆ 50 ಲೀಟರಿನ ಒಂದು ಡ್ರಮ್ಮು ಕೂರಿಸಿ. ಅದು ತುಂಬಿದ ಮೇಲಷ್ಟೇ ನೀರು ಟಾಕಿಗೆ ಹೋಗಬೇಕು. ಪ್ರತಿ ಮಳೆಯಾದ ಮೇಲೆ ಡ್ರಮ್ಮು ಖಾಲಿ ಮಾಡಿ. ಇಷ್ಟೆಲ್ಲ ಮಾಡಿದರೂ ಕುಡಿಯುವ ನೀರನ್ನು ಕಾಯಿಸಿ ಆರಿಸಿಯೇ ಕುಡಿಯಿರಿ.

ಉಕ್ಕಿದ ನೀರಿಗೆ ಕೈತೋಟ

ಸೆಪ್ಟೆಂಬರ್ ಮಳೆಗೆ ಟಾಕಿ ತುಂಬಿ ಉಕ್ಕುತ್ತದೆ. ಆ ಪೈಪಿನ ಬಾಯಿ ಕಾಯಿಪಲ್ಲೆ ಮಡಿಯ ಕಡೆಗೆ ತಿರುಗಿರಲಿ. ಮಳೆ ನಿಂತ ಮೇಲೆ ಮಡಿಗೆ ಗಡಿಗೆಯ ನೀರೇ ಒಳ್ಳೆಯದು. ಕುಂಬಾರರ ಹತ್ತಿರ 6–7 ಲೀಟರಿನ ಗಡಿಗೆ ತನ್ನಿ. ಬಣ್ಣ ಬಳಿದದ್ದು, ಮೆರುಗು ಕೊಟ್ಟದ್ದು ಬೇಡ, ಅದು ಬೆವರುವುದಿಲ್ಲ. ಒಂದು ರಾತ್ರಿ ನೀರು ತುಂಬಿಟ್ಟು ನೋಡಿ, ಬೆಳಿಗ್ಗೆ ಹೊರಮೈ ತಣ್ಣಗೆ ಒದ್ದೆಯಾಗಿದ್ದರೆ ಅದೇ ಬೇಕಾದ ಗಡಿಗೆ. ಗೊಬ್ಬರ ಬೆರೆಸಿದ ಮಣ್ಣಲ್ಲಿ ಕುತ್ತಿಗೆವರೆಗೆ ಹೂತು, ಸುತ್ತ ನಾಲ್ಕು ಸಸಿ ಹಚ್ಚಿ: ಎರಡು ಬದನೆ, ಒಂದು ಹೀರೆ, ಒಂದು ಸೌತೆ. ಬಾಯಿಗೆ ಹಂಚಿನ ಚೂರು ಮುಚ್ಚಿ. ಎರೆ ಮಣ್ಣು ಗಡಿಗೆಯ ಸುತ್ತ ಬಿರಿಯದಂತೆ ಮೇಲೆ ಕಬ್ಬಿನ ರವದಿ (ಒಣಗಿದ ಎಲೆ) ದಪ್ಪಗೆ ಹರಡಿ. ಮೂರು ನಾಲ್ಕು ದಿನಕ್ಕೊಮ್ಮೆ ಮುಚ್ಚಳ ಎತ್ತಿ ನೋಡಿ, ಇಳಿದಿದ್ದರೆ ಮತ್ತೆ ತುಂಬಿಸಿ.