ಎಸ್.ಪಿ. ರೋಡಿಗೆ ಹೋಗುವ ಮುನ್ನ: ಓಡಾಡುತ್ತ ಕೋಡ್ ಬರೆಯಲು ಹಗುರವಾದ, ಅಗ್ಗದ ಲ್ಯಾಪ್‌ಟಾಪ್

ಇಪ್ಪತ್ತೈದು ಸಾವಿರದ ಆಸುಪಾಸಿನಲ್ಲಿ ಹೊಸ ಲ್ಯಾಪ್‌ಟಾಪ್ ಕೇಳಿದರೆ ಅಂಗಡಿಯವರು ತೆಗೆದಿಡುವುದು ಹೆಚ್ಚುಕಡಿಮೆ ಒಂದೇ ಬಗೆಯದು: 15.6 ಇಂಚಿನ ಪರದೆ, ಒಂದೂವರೆ ಕೆ.ಜಿ. ಮೀರಿದ ತೂಕ, 8 ಜಿಬಿ ರ‍್ಯಾಮ್, ಸೆಲೆರಾನ್ ಅಥವಾ ಐ3 ಪ್ರೊಸೆಸರ್. ಮನೆಯ ಮೇಜಿನ ಮೇಲೆ ಅದು ನಡೆದೀತು. ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟು ನೋಡಿ. ಸುಮಾರು 36 ಸೆಂ.ಮೀ. ಅಗಲದ ಯಂತ್ರ ಪಕ್ಕದವರ ಮೊಣಕೈಗೆ ತಗಲುತ್ತದೆ, ಮುಂದಿನ ಸೀಟು ಹಿಂದಕ್ಕೆ ಬಾಗಿದ ಕೂಡಲೇ ಪರದೆ ಅರ್ಧ ಮಡಚಬೇಕಾಗುತ್ತದೆ.

ಅದೇ ಹಣಕ್ಕೆ ಕಂಪನಿಗಳ ಲೀಸ್ ಮುಗಿದು ಹೊರಬಿದ್ದ ಬಿಸಿನೆಸ್ ಲ್ಯಾಪ್‌ಟಾಪ್ ಕೊಳ್ಳುವುದೇ ಒಳ್ಳೆಯದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಹೊಸದಿದ್ದಾಗ ಲಕ್ಷದ ಹತ್ತಿರ ಬೆಲೆಯಿದ್ದ ಈ ಯಂತ್ರಗಳ ಕೀಬೋರ್ಡ್, ಹಿಂಜ್, ಕವಚ ಎಲ್ಲವೂ ಬೇರೆ ದರ್ಜೆಯವು. ಇಷ್ಟು ಕಂಪನಿಗಳಿರುವ ಬೆಂಗಳೂರಿನಲ್ಲಿ ಇಂಥ ಮಾಲು ಲಾಟ್‌ಗಟ್ಟಲೆ ಹೊರಬರುತ್ತದೆ, ಬಹುಪಾಲು ಸದರ್ ಪತ್ರಪ್ಪ ರಸ್ತೆ, ಅಂದರೆ ಎಸ್.ಪಿ. ರೋಡಿನ ಅಂಗಡಿಗಳಲ್ಲಿ ಬಂದು ಕೂರುತ್ತದೆ. ಆದರೆ ಒಂದೇ ಲಾಟಿನಲ್ಲಿ ಚಿನ್ನದಂಥ ಪೀಸೂ ಇರುತ್ತದೆ, ಒಳಗೆ ಸತ್ತದ್ದೂ ಇರುತ್ತದೆ. ಆರಿಸುವುದನ್ನು ಕಲಿತು ಹೋಗಬೇಕು.

ಮೊದಲು ರ‍್ಯಾಮ್

ಪ್ರೊಸೆಸರ್‌ ಸ್ಟಿಕ್ಕರ್ ನೋಡುವ ಮೊದಲು ರ‍್ಯಾಮ್ ಕೇಳಿ. ಬ್ರೌಸರಿನ ಇಪ್ಪತ್ತು ಟ್ಯಾಬ್, ಕೋಡ್ ಬರೆಯುವ ವಿಎಸ್ ಕೋಡ್ ತಂತ್ರಾಂಶ, ಅದರ ಹಿಂದೆ ಓಡುತ್ತ ತಪ್ಪು ತೋರಿಸುವ ಲ್ಯಾಂಗ್ವೇಜ್ ಸರ್ವರ್, ಡಾಕರ್‌ನಲ್ಲಿ (ತಂತ್ರಾಂಶಗಳನ್ನು ಪ್ರತ್ಯೇಕ ಪೆಟ್ಟಿಗೆಯಲ್ಲಿಟ್ಟಂತೆ ಓಡಿಸುವ ಸಾಧನ) ಒಂದು ಡೇಟಾಬೇಸ್ ಇಷ್ಟಾದರೆ 8 ಜಿಬಿ ತುಂಬಿತು. ಆಮೇಲೆ ಯಂತ್ರ ಎಸ್‌ಎಸ್‌ಡಿಯ ಜಾಗವನ್ನೇ ರ‍್ಯಾಮಿನಂತೆ ಬಳಸತೊಡಗುತ್ತದೆ, ಅಕ್ಷರ ಒತ್ತಿದರೆ ಪರದೆಗೆ ಬರಲು ಕ್ಷಣ ಹಿಡಿಯುತ್ತದೆ. ಫೋನಿನ ಆ್ಯಪ್ ತಯಾರಿಸುವ ಆಂಡ್ರಾಯ್ಡ್ ಸ್ಟುಡಿಯೋವನ್ನು ಎಮ್ಯುಲೇಟರ್ (ಪರದೆಯ ಮೇಲಿನ ನಕಲು ಫೋನ್) ಸಹಿತ ನಡೆಸಲು 16 ಜಿಬಿ ಇರಲಿ ಎಂದು ಗೂಗಲ್ಲೇ ಹೇಳುತ್ತದೆ. ಹಾಗಾಗಿ 16 ಜಿಬಿ ಇರಬೇಕು, ಇಲ್ಲವೇ ಮುಂದೆ ಹಾಕಲು ಸ್ಲಾಟ್ ಇರಬೇಕು.

ಸ್ಲಾಟ್ ಇದೆಯೇ ಎಂದು ಅಂಗಡಿಯಲ್ಲೇ ಗೊತ್ತಾಗುತ್ತದೆ. ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್, ಅದರಲ್ಲಿ ಮೆಮೊರಿ ಒತ್ತಿ. ‘ಫಾರ್ಮ್ ಫ್ಯಾಕ್ಟರ್’ ಎದುರು ‘ಸೋಡಿಮ್’ ಎಂದಿದ್ದರೆ ಕಳಚಿ ಹಾಕುವ ರ‍್ಯಾಮ್. ‘ರೋ ಆಫ್ ಚಿಪ್ಸ್’ ಎಂದಿದ್ದರೆ ಬೋರ್ಡಿಗೇ ಬೆಸುಗೆ ಹಾಕಿದ್ದು, ಇದ್ದಷ್ಟರಲ್ಲೇ ಬದುಕಬೇಕು. ಎಂಟನೇ ಪೀಳಿಗೆಯ ಇಂಟೆಲ್ ಲ್ಯಾಪ್‌ಟಾಪಿಗೆ ಡಿಡಿಆರ್4 ಬೇಕು. 3200 ವೇಗದ ರ‍್ಯಾಮ್ ಪಟ್ಟಿ ಹಾಕಿದರೂ 2400ರಲ್ಲಿ ಓಡುತ್ತದೆ, ತೊಂದರೆಯಿಲ್ಲ.

ಡಿಸ್ಕಿನ ವಿಚಾರ ಚಿಕ್ಕದು: ಇಎಂಎಂಸಿ (ಅಗ್ಗದ, ನಿಧಾನದ ಸಂಗ್ರಹ ಚಿಪ್) ಎಂದು ಬರೆದಿದ್ದರೆ ಬಿಟ್ಟುಬಿಡಿ. ಎನ್‌ಪಿಎಂ (ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳನ್ನು ತರುವ ಸಾಧನ) ಒಂದು ಪ್ರಾಜೆಕ್ಟಿಗೆ ಹತ್ತಾರು ಸಾವಿರ ಸಣ್ಣ ಕಡತ ಬರೆಯುತ್ತದೆ, ಅಲ್ಲೇ ಅದು ಏದುಸಿರು ಬಿಡುವುದು. 256 ಜಿಬಿಯ ವೇಗದ ಎಸ್‌ಎಸ್‌ಡಿ, ಅಂದರೆ ಎನ್‌ವಿಎಂಇ ಸಾಕು.

ಪ್ರೊಸೆಸರ್ ಗೆರೆ ಎಲ್ಲಿ ಎಳೆಯಬೇಕು

ಇಂಟೆಲ್‌ನಲ್ಲಿ ಎಂಟನೇ ಪೀಳಿಗೆಗಿಂತ ಕೆಳಗೆ ಇಳಿಯಬೇಡಿ. ಏಳನೆಯದರ ಐ5-7200ಯು ಎರಡು ಕೋರಿನದು (ಕೋರ್ ಎಂದರೆ ಲೆಕ್ಕ ಮಾಡುವ ಘಟಕ), ಮರುಪೀಳಿಗೆಯ ಐ5-8250ಯು ನಾಲ್ಕು ಕೋರು, ಎಂಟು ಥ್ರೆಡ್‌ನದು. ಕಂಪೈಲ್ ಮಾಡುವಾಗ ಈ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಇನ್ನೊಂದು ಕಾರಣವೂ ಇದೆ: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ವಿಂಡೋಸ್ 11 ಅಧಿಕೃತವಾಗಿ ಕೂರುವುದು ಎಂಟನೆಯದರಿಂದಲೇ. ಅಂಗಡಿಯವರು ‘ಐ7 ಇದು ಸಾರ್’ ಎಂದರೆ ಐ7ರ ಮುಂದಿನ ಅಂಕಿ ನೋಡಿ: 6ರಿಂದ ಶುರುವಾದರೆ ಆರನೇ ಪೀಳಿಗೆ, 8ರಿಂದಾದರೆ ಎಂಟನೆಯದು. ಆರನೇ ಪೀಳಿಗೆಯ ಐ7-6600ಯು ಕೂಡ ಎರಡೇ ಕೋರಿನದು, ಅದಕ್ಕಿಂತ ಎಂಟನೆಯದರ ಐ5 ಎಷ್ಟೋ ಮೇಲು.

ಹೊಸದನ್ನೇ ಕೊಳ್ಳುವವರಿಗೂ ಅಂಕಿಯ ಮೋಸವಿದೆ. ಎಎಂಡಿಯ ರೈಝೆನ್ 5 7520ಯು ಹೆಸರಿನಲ್ಲಿ ಹೊಸದು, ಒಳಗೆ ಹಳೆಯ ಝೆನ್ 2 ವಿನ್ಯಾಸದ ನಾಲ್ಕು ಕೋರು. ‘ಚಿಕ್ಕ’ ಅಂಕಿಯ 5625ಯು ಝೆನ್ 3ರ ಆರು ಕೋರಿನದು.

ನಾಲ್ಕು ಹೆಸರು

ಥಿಂಕ್‌ಪ್ಯಾಡ್ ಟಿ480ಎಸ್ ನಮ್ಮ ಮೊದಲ ಆಯ್ಕೆ. 14 ಇಂಚು, 1.32 ಕೆ.ಜಿ.ಯಿಂದ ಶುರು, 57 ವ್ಯಾಟ್ ಅವರ್ (ಬ್ಯಾಟರಿ ಹಿಡಿಯುವ ವಿದ್ಯುತ್ತಿನ ಅಳತೆ) ಬ್ಯಾಟರಿ. ರ‍್ಯಾಮ್ ಸ್ವಲ್ಪ ಬೋರ್ಡಿನಲ್ಲೇ ಇದೆ, ಜೊತೆಗೆ ಒಂದು ಸ್ಲಾಟ್ ಇದೆ. ಹೆಸರಲ್ಲಿ ‘ಎಸ್’ ಇಲ್ಲದ ಟಿ480ಗೆ ಎರಡು ಸ್ಲಾಟ್, ಕಳಚುವ ಹಿಂಬದಿಯ ಬ್ಯಾಟರಿ ಎಲ್ಲ ಉಂಟು, ಆದರೆ ತೂಕ ಸುಮಾರು 1.6 ಕೆ.ಜಿ.

ಎಚ್‌ಪಿ ಎಲೀಟ್‌ಬುಕ್ 830 ಜಿ5 13.3 ಇಂಚಿನದು, ತೂಕ ಹತ್ತಿರಹತ್ತಿರ ಟಿ480ಎಸ್‌ನಷ್ಟೇ, ಎರಡು ಸ್ಲಾಟ್. ಇದರಲ್ಲಿ ‘ಶ್ಯೂರ್ ವ್ಯೂ’ ಎಂಬ ಗೌಪ್ಯ ಪರದೆಯ ಪೀಸುಗಳು ಬರುತ್ತವೆ. ಪಕ್ಕದವರಿಗೆ ಕಾಣದಿರಲೆಂದು ಮಾಡಿದ ಆ ಪರದೆ ನಮಗೂ ಮಬ್ಬಾಗಿಯೇ ಕಾಣುತ್ತದೆ, ಬೇಡ. ಡೆಲ್ ಲ್ಯಾಟಿಟ್ಯೂಡ್ 7490 14 ಇಂಚು, ಸುಮಾರು 1.4 ಕೆ.ಜಿ., ಎರಡು ಸ್ಲಾಟ್. ಎಲ್ಲಕ್ಕಿಂತ ಹಗುರ ಬೇಕಾದರೆ ಥಿಂಕ್‌ಪ್ಯಾಡ್ ಎಕ್ಸ್280, 12.5 ಇಂಚು, 1.2 ಕೆ.ಜಿ. ಒಳಗೆ. ಇದರ ರ‍್ಯಾಮ್ ಪೂರ್ತಿ ಬೆಸುಗೆಯದು, ಆದ್ದರಿಂದ 16 ಜಿಬಿಯದು ಸಿಕ್ಕರೆ ಮಾತ್ರ.

ನಾಲ್ಕೂ ಟೈಪ್-ಸಿಯಲ್ಲಿ ಚಾರ್ಜ್ ಆಗುತ್ತವೆ. ಇದು ಪ್ರಯಾಣದ ಹೊರೆಯನ್ನು ನಿಜಕ್ಕೂ ಇಳಿಸುತ್ತದೆ: 65 ವ್ಯಾಟಿನ ಒಂದು ಪಿಡಿ (ಟೈಪ್-ಸಿಯ ವೇಗದ ಚಾರ್ಜಿಂಗ್ ಪದ್ಧತಿ) ಚಾರ್ಜರ್ ಫೋನಿಗೂ ಲ್ಯಾಪ್‌ಟಾಪಿಗೂ ಆಗುತ್ತದೆ. ರೈಲಿನಲ್ಲಿ ರಾತ್ರಿ 11ರಿಂದ ಬೆಳಗಿನ 5ರವರೆಗೆ ಚಾರ್ಜಿಂಗ್ ಪಾಯಿಂಟ್ ಆಫ್ ಮಾಡುವುದುಂಟು. ಆಗ 20,000 ಎಂಎಎಚ್‌ನ, 45 ವ್ಯಾಟ್ ಅಥವಾ ಹೆಚ್ಚು ಪಿಡಿ ಕೊಡುವ ಪವರ್ ಬ್ಯಾಂಕ್ ಕೈಹಿಡಿಯುತ್ತದೆ. ಅದರ ಲೆಕ್ಕ 74 ವ್ಯಾಟ್ ಅವರ್, ನಷ್ಟ ಕಳೆದು ಅರವತ್ತರಷ್ಟು ಲ್ಯಾಪ್‌ಟಾಪಿನೊಳಗೆ ಸೇರೀತು. ವಿಮಾನದಲ್ಲಿ 100 ವ್ಯಾಟ್ ಅವರ್‌ವರೆಗಿನದನ್ನು ಕೈಚೀಲದಲ್ಲಿ ಒಯ್ಯಬಹುದು.

ಅಂಗಡಿಯಲ್ಲಿ ಅರ್ಧ ಗಂಟೆ

ಚೌಕಾಸಿ ಆಮೇಲೆ. ಮೊದಲು ಬೀಗ ನೋಡಿ, ಏಕೆಂದರೆ ಇದೊಂದನ್ನು ಆಮೇಲೆ ಸರಿಪಡಿಸಲಾಗದು. ಯಂತ್ರ ಆನ್ ಮಾಡಿ, ವಿಂಡೋಸ್‌ಗೂ ಮೊದಲು ಓಡುವ ಮೂಲ ಸೆಟ್ಟಿಂಗ್ ತಂತ್ರಾಂಶವಾದ ಬಯೋಸ್‌ಗೆ ಹೋಗಿ: ಥಿಂಕ್‌ಪ್ಯಾಡಿಗೆ ಎಫ್1, ಡೆಲ್‌ಗೆ ಎಫ್2, ಎಚ್‌ಪಿಗೆ ಎಫ್10. ಪಾಸ್‌ವರ್ಡ್ ಕೇಳಿದರೆ ಕೆಳಗಿಡಿ. ‘ಒಳಗಿನ ಸೆಲ್ ತೆಗೆದರೆ ಹೋಗುತ್ತೆ’ ಎಂಬ ಮಾತು ಥಿಂಕ್‌ಪ್ಯಾಡಿನ ಸೂಪರ್‌ವೈಸರ್ ಪಾಸ್‌ವರ್ಡಿಗೆ ಸುಳ್ಳು, ಅದು ಬೇರೆ ಚಿಪ್ಪಿನಲ್ಲಿರುತ್ತದೆ. ಎರಡನೆಯ ಬೀಗ ಕಣ್ಣಿಗೆ ಬೀಳುವುದಿಲ್ಲ. ಹಳೆಯ ಕಂಪನಿ ತನ್ನ ಆಟೋಪೈಲಟ್ (ಕಂಪನಿಗಳು ತಮ್ಮ ಯಂತ್ರಗಳನ್ನು ದೂರದಿಂದಲೇ ಹತೋಟಿಯಲ್ಲಿಡುವ ಮೈಕ್ರೋಸಾಫ್ಟ್ ವ್ಯವಸ್ಥೆ) ನೋಂದಣಿಯಿಂದ ಯಂತ್ರವನ್ನು ತೆಗೆಯದೆ ಬಿಟ್ಟಿದ್ದರೆ ಇಂದು ಚೆನ್ನಾಗಿಯೇ ನಡೆಯುತ್ತದೆ, ಮುಂದೆಂದೋ ವಿಂಡೋಸ್ ರಿಸೆಟ್ ಮಾಡಿದ ದಿನ ಆ ಕಂಪನಿಯ ಲಾಗಿನ್ ಕೇಳುತ್ತದೆ. ಆದ್ದರಿಂದ ಅಂಗಡಿಯಲ್ಲೇ ರಿಸೆಟ್ ಮಾಡಿಸಿ, ಕಾಫಿ ಕುಡಿದು ಬಂದು, ಸೆಟಪ್‌ನಲ್ಲಿ ನಿಮ್ಮ ಫೋನಿನ ಹಾಟ್‌ಸ್ಪಾಟ್ ಕೊಡಿ. ಯಾವುದೋ ಕಂಪನಿಯ ಹೆಸರು ಮೂಡಿದರೆ ನಮಸ್ಕಾರ ಹೇಳಿ ಬನ್ನಿ.

ಇನ್ನು ಬ್ಯಾಟರಿ. ಕಮ್ಯಾಂಡ್ ಪ್ರಾಂಪ್ಟಿನಲ್ಲಿ ‘ಪವರ್‌ಸಿಎಫ್‌ಜಿ’, ಒಂದು ಜಾಗ ಬಿಟ್ಟು ಓರೆಗೆರೆ, ಅದಕ್ಕೆ ಅಂಟಿಸಿ ‘ಬ್ಯಾಟರಿರಿಪೋರ್ಟ್’ ಎಂದು ಇಂಗ್ಲಿಷ್ ಅಕ್ಷರದಲ್ಲಿ (powercfg /batteryreport) ಹೊಡೆದರೆ ಒಂದು ವರದಿ ಸಿದ್ಧವಾಗುತ್ತದೆ. ಅದರಲ್ಲಿ ಡಿಸೈನ್ ಕೆಪಾಸಿಟಿ, ಫುಲ್ ಚಾರ್ಜ್ ಕೆಪಾಸಿಟಿ ಎರಡನ್ನೂ ನೋಡಿ. 50 ವ್ಯಾಟ್ ಅವರ್ ಬ್ಯಾಟರಿ 37.5 ತೋರಿಸಿದರೆ ಮುಕ್ಕಾಲು ಭಾಗ ಉಳಿದಿದೆ. ಬರೀ ಎಡಿಟರಿನಲ್ಲಿ ಯಂತ್ರ 7 ವ್ಯಾಟ್ ಎಳೆಯುತ್ತದೆ ಎಂದಿಟ್ಟುಕೊಂಡರೆ ಐದು ಗಂಟೆ ಬಂತು. ಬಿಡದೆ ಕಂಪೈಲ್ ಮಾಡಿ 20 ವ್ಯಾಟ್ ಎಳೆದರೆ ಎರಡು ಗಂಟೆಯೂ ಇಲ್ಲ.

ಹಳೆಯ ಯಂತ್ರದ ಬ್ಯಾಟರಿ ನೂರಕ್ಕೆ ನೂರು ತೋರಿಸಿದರೆ ಹಿಗ್ಗಬೇಡಿ, ಅನುಮಾನಿಸಿ. ನಕಲಿ ಬ್ಯಾಟರಿಯ ಚಿಪ್ ಬೇಕಾದ ಅಂಕಿಯನ್ನು ಹೇಳಬಲ್ಲದು. ಚಾರ್ಜರ್ ಕಿತ್ತು, ಪರದೆ ಪೂರ್ತಿ ಬೆಳಗಿಸಿ, ಹದಿನೈದು ನಿಮಿಷ ವಿಡಿಯೋ ಓಡಿಸಿ. 10 ವ್ಯಾಟ್ ಎಳೆದರೆ ಎರಡೂವರೆ ವ್ಯಾಟ್ ಅವರ್, ಅಂದರೆ 50ರ ಬ್ಯಾಟರಿಯಲ್ಲಿ ಶೇ. 5 ಇಳಿಯಬೇಕು. ಶೇ. 15 ಇಳಿದರೆ ಆ ಅಂಕಿ ಸುಳ್ಳು. ಹಾಗೆಯೇ ಯಂತ್ರವನ್ನು ಸಮತಟ್ಟಾದ ಗಾಜಿನ ಮೇಲಿಟ್ಟು ಮೂಲೆ ಒತ್ತಿ. ಕುಂಟಿದರೆ ಅಥವಾ ಟಚ್‌ಪ್ಯಾಡ್ ಮೇಲೆದ್ದು ಕ್ಲಿಕ್ ಬಿಗಿಯಾಗಿದ್ದರೆ ಒಳಗೆ ಬ್ಯಾಟರಿ ಉಬ್ಬಿರಬಹುದು. ಅಂಥದ್ದನ್ನು ಚೀಲದಲ್ಲಿ ಹೊತ್ತು ತಿರುಗುವುದು ಅಪಾಯ.

ಟೈಪ್-ಸಿ ಕೇಬಲನ್ನು ಚುಚ್ಚಿ, ಮೆಲ್ಲಗೆ ಅಲ್ಲಾಡಿಸಿ. ಚಾರ್ಜ್ ಹೋಗಿ ಬಂದು ಮಾಡಿದರೆ ಪೋರ್ಟ್ ಸವೆದಿದೆ. ಟಿ480ಎಸ್, ಎಕ್ಸ್280 ಸೇರಿದಂತೆ ಆ ಕಾಲದ ಥಿಂಕ್‌ಪ್ಯಾಡುಗಳಲ್ಲಿ ಥಂಡರ್‌ಬೋಲ್ಟ್ ಫರ್ಮ್‌ವೇರ್ (ಪೋರ್ಟ್ ನಡೆಸುವ ಚಿಪ್ಪಿನೊಳಗಿನ ತಂತ್ರಾಂಶ) ದೋಷದಿಂದ ಈ ಪೋರ್ಟ್ ಕ್ರಮೇಣ ಕೈಕೊಡುವುದಿತ್ತು. ಲೆನೋವೊ ಇದಕ್ಕೆ ಅಪ್‌ಡೇಟ್ ಕೊಟ್ಟಿದೆ, ಕೊಂಡ ದಿನವೇ ಹಾಕಿಕೊಳ್ಳಿ. ಡೆಲ್ ಯಂತ್ರ ವಿನಾಕಾರಣ ಆಮೆಯಾದರೆ ದುಂಡು ಪಿನ್ನಿನ ಚಾರ್ಜರ್ ಅನುಮಾನಿಸಿ. ನಡುವಿನ ಸಣ್ಣ ಸೂಜಿಯಿಂದ ಚಾರ್ಜರಿನ ಗುರುತು ಸಿಗದಿದ್ದರೆ ಯಂತ್ರ ಪ್ರೊಸೆಸರ್ ವೇಗವನ್ನೇ ತಗ್ಗಿಸುತ್ತದೆ.

ನೋಟ್‌ಪ್ಯಾಡ್ ತೆರೆದು ಪ್ರತಿ ಕೀಲಿಯನ್ನೂ ಒತ್ತಿ, ಬ್ರಾಕೆಟ್, ಓರೆಗೆರೆ, ಎಸ್ಕೇಪ್ ಕೂಡ. ಎಂಟರ್ ಕೀಲಿ ಎರಡು ಸಾಲು ಎತ್ತರವಿದ್ದು ಉಳಿದವಕ್ಕೆ ಸ್ಟಿಕ್ಕರ್ ಅಂಟಿಸಿದ್ದರೆ ಅದು ಯುರೋಪಿನಿಂದ ಬಂದ ಪೀಸು ಇರಬಹುದು. ಓರೆಗೆರೆ ಎಲ್ಲೋ ಇರುತ್ತದೆ, ಕೋಡ್ ಬರೆಯುವ ಬೆರಳಿಗೆ ದಿನವೂ ಎಡವುತ್ತದೆ. ಪರದೆ 1920×1080 ಇರಲಿ, 1366×768 ಬೇಡ. ಅಂಗಡಿಯ ಬಾಗಿಲಿಗೆ ಬಂದು ಬೆಳಕಿಗೆ ಹಿಡಿಯಿರಿ. ಅಲ್ಲಿ ಅಕ್ಷರ ಕಾಣದಿದ್ದರೆ ಬಸ್ಸಿನ ಕಿಟಕಿ ಪಕ್ಕದಲ್ಲೂ ಕಾಣದು.

ಬಿಲ್ ಮಾಡಿಸುವಾಗ ಜಿಎಸ್‌ಟಿ ಸಂಖ್ಯೆ, ಯಂತ್ರದ ಸೀರಿಯಲ್ ಸಂಖ್ಯೆ, ವಾರಂಟಿಯ ದಿನಗಳು ಮೂರೂ ಕಾಗದದ ಮೇಲಿರಲಿ. ಬ್ಯಾಟರಿ ಸೋತಿದ್ದರೆ ಹೊಸದರ ಬೆಲೆ ಕೇಳಿ ಅಷ್ಟನ್ನು ಇಳಿಸಲು ಹೇಳಿ. 8 ಜಿಬಿಯ ಪೀಸಿಗೆ ಇನ್ನೊಂದು ಪಟ್ಟಿ ಹಾಕಿಸುವುದಾದರೆ ಅದನ್ನೂ ಅಲ್ಲೇ ಹಾಕಿಸಿ, ಎದುರಿಗೇ ಬೂಟ್ ಮಾಡಿಸಿ.

ಭಾರಿ ಬಿಲ್ಡ್ (ಇಡೀ ಪ್ರಾಜೆಕ್ಟನ್ನು ಕಂಪೈಲ್ ಮಾಡುವ ಕೆಲಸ) ಇರುವವರು ಅದಕ್ಕಾಗಿ ದೊಡ್ಡ ಯಂತ್ರ ಹೊರಬೇಕಾಗಿಲ್ಲ. ಮನೆಯ ಡೆಸ್ಕ್‌ಟಾಪಿಗೋ ಬಾಡಿಗೆ ಸರ್ವರಿಗೋ ದೂರದಿಂದಲೇ ಲಾಗಿನ್ ಆಗುವ ಎಸ್‌ಎಸ್‌ಎಚ್ ಮಾಡಿ, ಕೆಲಸವನ್ನು ಟಿಮಕ್ಸ್ (ಸಂಪರ್ಕ ಕಡಿದರೂ ಕೆಲಸ ನಿಲ್ಲದಂತೆ ಕಾಯುವ ತಂತ್ರಾಂಶ) ಒಳಗೆ ನಡೆಸಿ. ಶಿರಾಡಿ ಘಾಟಿಯಲ್ಲಿ ಸಿಗ್ನಲ್ ಹೋದರೂ ಬಿಲ್ಡ್ ಅಲ್ಲಿ ಓಡುತ್ತಲೇ ಇರುತ್ತದೆ, ಮತ್ತೆ ಸಿಕ್ಕಾಗ ಬಿಟ್ಟಲ್ಲಿಂದ ಹಿಡಿಯಬಹುದು.

ಮನೆಗೆ ತಂದ ಸಂಜೆ ಬಯೋಸ್ ಅಪ್‌ಡೇಟ್ ಮಾಡಿ, ಮೇಜಿನ ಮೇಲೆ ಬಳಸುವ ದಿನಗಳಿಗೆ ಚಾರ್ಜ್ ಮಿತಿಯನ್ನು ಶೇ. 80ಕ್ಕೆ ಇಡಿ. ಮೂರು ಕಂಪನಿಗಳ ಯಂತ್ರಗಳಲ್ಲೂ ಬ್ಯಾಟರಿ ಕಾಯುವ ಇಂಥ ಸೌಲಭ್ಯ ಇದೆ. ಟೆಸ್ಟಿಂಗ್ ವಾರಂಟಿ ಹೆಚ್ಚಾಗಿ ಕೆಲವೇ ದಿನಗಳದ್ದು, ಆದ್ದರಿಂದ ಮೊದಲ ವಾರ ಯಂತ್ರಕ್ಕೆ ಬಿಡುವು ಕೊಡಬೇಡಿ: ಗಂಟೆಗಟ್ಟಲೆ ಬಿಲ್ಡ್ ಓಡಿಸಿ, ಮುಚ್ಚಳ ಮುಚ್ಚಿ ರಾತ್ರಿಯಿಡೀ ಸ್ಲೀಪ್‌ನಲ್ಲಿಟ್ಟು ಬೆಳಿಗ್ಗೆ ಎಷ್ಟು ಚಾರ್ಜ್ ಇಳಿದಿದೆ ನೋಡಿ, ಕ್ಯಾಮೆರಾ, ಮೈಕು, ಎಲ್ಲ ಪೋರ್ಟು ಬಳಸಿ. ತೊಂದರೆ ಕಂಡರೆ ಫೋನಿನಲ್ಲಿ ವಿಡಿಯೋ ಮಾಡಿಕೊಂಡು ಬಿಲ್ಲಿನೊಂದಿಗೆ ಅವಧಿ ಮುಗಿಯುವ ಮೊದಲೇ ಅಂಗಡಿಗೆ ಹೋಗಿ. ಭಾನುವಾರ ಎಸ್.ಪಿ. ರೋಡಿನ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ, ದಿನ ಎಣಿಸುವಾಗ ಅದೂ ನೆನಪಿರಲಿ.