ಜಲವರ್ಣದಲ್ಲಿ ಹೆಂಚಿನ ಮನೆ, ಕಣಗಿಲೆ ಗಿಡ: ಪದರ ಕೆಸರಾಗದಿರಲು

ಕೋಲಾರದ ಕಡೆಯ ಹಳೇ ಹೆಂಚಿನ ಮನೆ, ಮುಂದೆ ಕಣಗಿಲೆ ಬಿಡಿಸುವವರು ಕಾಗದ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಕಾಗದ) ತಗೊಳ್ಳಿ. ತೆಳ್ಳನೆಯದು ಎರಡನೇ ಪದರಕ್ಕೇ ಸುಕ್ಕಾಗುತ್ತೆ. ಗೋಡೆಗೆ ಯೆಲ್ಲೋ ಓಕರ್ (ಮಣ್ಣಿನ ಹಳದಿ), ನೀರು ಜಾಸ್ತಿ. ಹೂವಿನ ಜಾಗ ಬಿಳಿಯಾಗೇ ಬಿಡಿ.

ಗಿಡಕ್ಕೆ ಮೊದಲು ತಿಳಿ ಹಳದಿ-ಹಸಿರು. ಕಾಗದ ಮುಟ್ಟಿದರೆ ತಣ್ಣಗಿದೆಯಾ? ಇನ್ನೂ ಹಸಿ, ಕಾಯಿರಿ. ಆಮೇಲೆ ನಡು ಹಸಿರು, ಕೊನೆಗೆ ಬುಡದಲ್ಲಷ್ಟೇ ಹಸಿರಿಗೆ ಚೂರು ಬರ್ನ್ಟ್ ಸಿಯೆನ್ನಾ (ಕೆಂಪು ಕಂದು) ಬೆರೆಸಿದ ಗಾಢ ಬಣ್ಣ. ಕಪ್ಪು ಬೇಡವೇ ಬೇಡ, ಗಿಡ ಸತ್ತಂಗೆ ಕಾಣುತ್ತೆ. ಹೂವಿನ ಗುಲಾಬಿ ಬಣ್ಣ ಇನ್ನೂ ಒಣಗದ ಹಸಿರಿಗೆ ತಾಗಿದರೆ ಎರಡೂ ಬೆರೆತು ಕಂದು ಕೆಸರು.

ಗೋಡೆ ಮೇಲಿನ ನೆರಳಿಗೆ ಅಲ್ಟ್ರಾಮರೀನ್ (ಗಾಢ ನೀಲಿ) ಜೊತೆ ಬರ್ನ್ಟ್ ಸಿಯೆನ್ನಾ, ಒಂದೇ ಎಳೆತ. ತಿಕ್ಕಿದರೆ ಕೆಳಗಿನ ಪದರ ಎದ್ದು ಬರುತ್ತೆ. ಬಿಸಿಲಲ್ಲಿ ಕೂರಬೇಡಿ, ಬಣ್ಣ ಅರ್ಧದಲ್ಲೇ ಒಣಗಿ ಗೆರೆ ಬೀಳುತ್ತೆ.