ಸಕ್ಕರೆ ಕಾಯಿಲೆಯಿದ್ದರೆ ಮೂತ್ರಪಿಂಡ ಕಾಪಾಡಿಕೊಳ್ಳುವುದು ಹೇಗೆ?

ಮೂತ್ರಪಿಂಡ ಸೋಸಿ ಹೊರಹಾಕುವ ಕಸವಾದ ಕ್ರಿಯಾಟಿನಿನ್ ರಕ್ತದಲ್ಲಿ ಸರಿಯಿದೆ ಎಂಬ ಒಂದು ಸಾಲಿನ ವರದಿ ನೋಡಿ ನೆಮ್ಮದಿಯಾಗಿರುವ ಮಧುಮೇಹಿಗಳು ಬಹಳ ಮಂದಿ. ಆದರೆ ಒಂದೊಂದು ಮೂತ್ರಪಿಂಡದಲ್ಲೂ ಸುಮಾರು 10 ಲಕ್ಷ ಸೋಸುವ ಘಟಕಗಳಿದ್ದು, ಕೆಲವು ಕೆಟ್ಟರೂ ಉಳಿದವು ಅವುಗಳ ಪಾಲಿನ ಕೆಲಸವನ್ನು ಹೊತ್ತುಕೊಳ್ಳುವುದರಿಂದ ಕ್ರಿಯಾಟಿನಿನ್ ಏರುವುದು ತಡವಾಗಿ. ಸಾಮಾನ್ಯವಾಗಿ ಅದಕ್ಕೂ ಮೊದಲೇ ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೊಟೀನ್ ಸೋರತೊಡಗುತ್ತದೆ.

ಆದ್ದರಿಂದ ಮೊದಲ ಹೆಜ್ಜೆ ಮೂತ್ರಪರೀಕ್ಷೆ. ಟೈಪ್ 2 ಮಧುಮೇಹವಾದರೆ ಕಾಯಿಲೆ ಪತ್ತೆಯಾದ ದಿನದಿಂದಲೇ, ಟೈಪ್ 1 ಆದರೆ ಐದು ವರ್ಷ ಕಳೆದ ಮೇಲೆ, ವರ್ಷಕ್ಕೊಮ್ಮೆ ಆಲ್ಬುಮಿನ್-ಕ್ರಿಯಾಟಿನಿನ್ ಅನುಪಾತವನ್ನು ನೋಡಿಸಬೇಕು. ಅದು ಗ್ರಾಂಗೆ 30 ಮಿಲಿಗ್ರಾಂಗಿಂತ ಕಡಿಮೆಯಿರಬೇಕು. ಜ್ವರ, ಮೂತ್ರದ ಸೋಂಕು, ಹಿಂದಿನ ದಿನದ ಕಠಿಣ ವ್ಯಾಯಾಮ ಇವೂ ಅಂಕಿಯನ್ನು ಏರಿಸುವುದರಿಂದ ಒಂದೇ ವರದಿಗೆ ಗಾಬರಿಯಾಗದೆ, ಮೂರರಿಂದ ಆರು ತಿಂಗಳೊಳಗೆ ಮತ್ತೆ ಮಾಡಿಸಿ ಖಚಿತಪಡಿಸಿಕೊಳ್ಳಬೇಕು. ಜೊತೆಗೆ ಸೋಸುವಿಕೆಯ ವೇಗವನ್ನು ಅಂದಾಜಿಸುವ ಇಜಿಎಫ್‌ಆರ್ ಕೂಡ ಬೇಕು. ಅದು ಮೂರು ತಿಂಗಳಿಗೂ ಹೆಚ್ಚು ಕಾಲ 60ಕ್ಕಿಂತ ಕೆಳಗಿದ್ದರೆ ಅದು ದೀರ್ಘಕಾಲದ ಮೂತ್ರಪಿಂಡ ರೋಗವೇ.

ಎರಡನೆಯದು ಬಿಪಿ. ಮಧುಮೇಹಿಗಳು ಸಕ್ಕರೆಗೆ ಕೊಡುವ ಗಮನದ ಅರ್ಧವನ್ನೂ ಇದಕ್ಕೆ ಕೊಡುವುದಿಲ್ಲ ಎಂಬುದು ನನ್ನ ಅನಿಸಿಕೆ. ಐದು ನಿಮಿಷ ಸುಮ್ಮನೆ ಕುಳಿತು, ಬೆನ್ನಿಗೆ ಆಸರೆ ಕೊಟ್ಟು, ಪಾದಗಳನ್ನು ನೆಲಕ್ಕೂರಿ, ತೋಳನ್ನು ಎದೆಯ ಮಟ್ಟದಲ್ಲಿಟ್ಟು ಅಳೆದಾಗ ಅದು 130/80ರ ಒಳಗಿರುವುದು ಸಾಮಾನ್ಯ ಗುರಿ. ಆಲ್ಬುಮಿನ್ ಸೋರುತ್ತಿದ್ದರೆ ವೈದ್ಯರು ರಾಮಿಪ್ರಿಲ್, ಟೆಲ್ಮಿಸಾರ್ಟನ್‌ನಂಥ ಮಾತ್ರೆ ಕೊಡುತ್ತಾರೆ. ಶುರುಮಾಡಿದ ಎರಡರಿಂದ ನಾಲ್ಕು ವಾರದೊಳಗೆ ಪೊಟ್ಯಾಸಿಯಂ, ಕ್ರಿಯಾಟಿನಿನ್ ನೋಡಿಸಬೇಕು. ಗರ್ಭಿಣಿಯರಿಗೆ ಇವು ಸಲ್ಲವು.

ಸಕ್ಕರೆಯ ವಿಷಯದಲ್ಲಿ, ಹಿಂದಿನ ಎರಡು-ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಶೇ 7ರ ಆಸುಪಾಸಿನಲ್ಲಿರುವುದು ಬಹುಪಾಲು ವಯಸ್ಕರಿಗೆ ಸರಿ. ವೃದ್ಧರಿಗೆ ತುಸು ಸಡಿಲ. ಎಂಪಾಗ್ಲಿಫ್ಲೋಜಿನ್‌, ಡಾಪಾಗ್ಲಿಫ್ಲೋಜಿನ್‌ನಂಥ ಮಾತ್ರೆಗಳು ಸಕ್ಕರೆ ಇಳಿಸುವುದಲ್ಲದೆ ಮೂತ್ರಪಿಂಡವನ್ನೂ ಕಾಯುತ್ತವೆ. ಆದರೆ ವಾಂತಿ-ಭೇದಿಯಾದಾಗ ಇವನ್ನು ನಿಲ್ಲಿಸಬೇಕೇ ಎಂದು ಮೊದಲೇ ಕೇಳಿಟ್ಟುಕೊಳ್ಳಿ.

ಇನ್ನು ಮನೆಯ ಔಷಧಿ ಡಬ್ಬಿಯನ್ನೊಮ್ಮೆ ತೆರೆದು ನೋಡಿ. ಮಂಡಿನೋವಿಗೆಂದು ತಿಂಗಳುಗಟ್ಟಲೆ ನುಂಗುವ ಡೈಕ್ಲೊಫಿನಾಕ್, ಐಬುಪ್ರೊಫೆನ್ ಮೂತ್ರಪಿಂಡಕ್ಕೆ ಹರಿಯುವ ರಕ್ತವನ್ನೇ ತಗ್ಗಿಸುತ್ತವೆ. ಉಪ್ಪು ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚದೊಳಗೆ ಇರಲಿ. ಧೂಮಪಾನ ಬಿಡಲೇಬೇಕು.

ಕೊನೆಯದಾಗಿ, ಊಟ, ಔಷಧಿ ಯಾವುದೂ ಬದಲಾಗದೆ ಸಕ್ಕರೆ ಪದೇಪದೇ ಇಳಿಯುತ್ತಿದ್ದರೆ ರೋಗ ಹತೋಟಿಗೆ ಬಂತೆಂದು ಹಿಗ್ಗಬೇಡಿ. ಮೂತ್ರಪಿಂಡ ಸೊರಗಿದಾಗ ಇನ್ಸುಲಿನ್ ದೇಹದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಆ ವಾರವೇ ವೈದ್ಯರನ್ನು ಕಂಡು ರಕ್ತಪರೀಕ್ಷೆ ಮಾಡಿಸಿ.